ಸೆರಗಿನೊಳಗಿನ ಕೈ

ಕಲಿಯುವವರು ಕಂಪ್ಯೂಟರ್ ಮುಂದೆ ತಡವರಿಸಿದರೆ ನೀಲಮ್ಮ ಅಕ್ಕೋರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ತಮ್ಮ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಳ್ಳುವುದು. ಹೊಸಬರು ಅವರಿಗೆ ಚಳಿಯೆಂದು ತಿಳಿಯುತ್ತಿದ್ದರು. ಜೇವರ್ಗಿಯ ಬೇಸಿಗೆಯಲ್ಲಿ, ತಗಡಿನ ಮಾಡಿನ ಕೆಳಗೆ, ಚಳಿ! ಬಿಟ್ಟರೆ ಕೈ ತಾನಾಗಿ ಕೀಬೋರ್ಡಿಗೆ ಓಡುತ್ತದೆಂದು ಅವರೇ ಅದನ್ನು ಕಟ್ಟಿಹಾಕುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾವಿಬ್ಬರೂ ಸೇರಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆವು. ಆಳಂದ, ಅಫಜಲಪುರದ ದಲ್ಲಾಳಿಗಳ ಅಡತ್ ಅಂಗಡಿಗಳಿಗೆ ತೊಗರಿ ತೂಕದ ಪ್ರೋಗ್ರಾಂ ಬರೆದುಕೊಡುವುದೂ ಇತ್ತು. ಗಿರಾಕಿ ಹಿಡಿಯುವುದು ನನ್ನ ಪಾಲು, ಕಲಿಸುವುದು ಅವರದು. ನನಗೂ ಅವರೇ ಕಲಿಸಿದ್ದು. ಅದಕ್ಕೆ ಮೊದಲು ನಾನು ಬೀಜದ ವ್ಯಾಪಾರಿ. ಎದುರಿನವ ಬಾಯಿ ತೆರೆಯುವುದರೊಳಗೆ ಸೌದಾ ಮುಗಿಸುವ ಚಾಳಿಯವನು.

ಅಂದೋಲಾದಿಂದ ಕಲಿಯಲು ಬರುತ್ತಿದ್ದ ಮೆಹಬೂಬ ಬರೆದ ಪ್ರೋಗ್ರಾಂ ಎಷ್ಟು ಚೀಲ ಹಾಕಿದರೂ ಕೊನೆಯ ಚೀಲದ ತೂಕವನ್ನಷ್ಟೇ ತೋರಿಸುತ್ತಿತ್ತು. ಬೆಳಗಿನಿಂದ ಕೂತು ಸೋತು, "ನನ್ನ ತಲೀಗಿ ಇದು ಹತ್ತಂಗಿಲ್ರಿ, ನಾಳಿಂದ ಬರಂಗಿಲ್ಲ" ಎಂದು ಎದ್ದುಬಿಟ್ಟ. ತಪ್ಪು ನನಗೆ ಕಂಡಿತ್ತು. ಕೈ ಚಾಚಿದೆ.

"ಲೇ ಶರಣಪ್ಪ, ಕೈ ಹಿಂದ ತಗೊ. ಅವ ಕೇಳ್ಯಾನೇನು?"

ನನ್ನನ್ನು ತಡೆದ ಅಕ್ಕೋರು ಆಮೇಲೆ ಅವನನ್ನು ಕೂರಿಸಿದರು. "ತಮ್ಮಾ, ಬರೋದು ಬಿಡೋದು ನಾಳಿನ ಮಾತು. ಈಗ ಇಷ್ಟ ಹೇಳು. ಮೊದಲ್ನೇ ಚೀಲ ತೂಗಿದಿ. ಎರಡನೇದು ಬಂತು. ಮೊದಲ್ನೇದು ಎಲ್ಲಿ ಹೋತು?"

ಕೇಳಿ ಕೈ ಸೆರಗಿನಲ್ಲಿ ಸುತ್ತಿಕೊಂಡರು. ನಾನೇ ಬಾಯಿ ತೆರೆಯಹೋದೆ, ಕಣ್ಣಲ್ಲೇ ಗದರಿದರು.

"ಅರೆ! ಪ್ರತಿ ಚೀಲಕ್ಕೂ ಒಟ್ಟು ತೂಕ ನಾನ ಸೊನ್ನೆ ಮಾಡಾಕತ್ತೇನ್ರಿ ಅಕ್ಕೋರೆ!"

"ನಾ ಏನ್ ಹೇಳೇನಪ? ನೀನ ಹಿಡದಿ."

ಮೆಹಬೂಬ ಮರುದಿನ ಎಲ್ಲರಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದ.

"ನೀ ತಿದ್ದಿದ್ರ ಪ್ರೋಗ್ರಾಂ ನಡೀತಿತ್ತು, ಹುಡುಗ ಹೋಗ್ತಿದ್ದ," ಎಂದರು ನನಗೆ. "ಕೇಳೋತನಕ ಕೈ ಹಚ್ಚಬ್ಯಾಡ. ಕೇಳಿದ ಮ್ಯಾಲ ತಡಾ ಮಾಡಬ್ಯಾಡ."

ಕಲಿಸುವ ಕೆಲಸಕ್ಕೆ ಇಳಿದವರು ಇದನ್ನು ಪೂರ್ತಿ ನೆನಪಿಡಿ. ಅರ್ಧ ನೆನಪಿಟ್ಟರೆ ಸಾಲದು.

ಅಕ್ಕೋರು ಮಾತ್ರ ತಮಗಾಗಿ ಯಾರನ್ನೂ ಏನೂ ಕೇಳಿದವರಲ್ಲ. ಮಾನಿಟರ್ ಹೊತ್ತು ಮೆಟ್ಟಿಲು ಹತ್ತುವಾಗಲೂ "ದಾರಿ ಬಿಡ್ರಲೇ" ಎನ್ನುತ್ತಿದ್ದರೇ ಹೊರತು "ಹಿಡೀರಿ" ಎಂದದ್ದಿಲ್ಲ.

ಮುಂದೊಂದು ದಿನ ಅವರಿಗೆ ಲಕ್ವಾ ಹೊಡೆಯಿತು. ನೋಡಲು ಹೋದಾಗ ಬಲಗೈ ಸೆರಗಿನೊಳಗೆ ಸತ್ತಂತೆ ಬಿದ್ದಿತ್ತು. ಅವರ ತಂಗಿ ಕಪ್ಪಿನ ಚಹಾ ಬಶಿಗೆ ಸುರಿದು ತಂದಿಟ್ಟರು. ಅಕ್ಕೋರು ಎಡಗೈಯಲ್ಲಿ ಎತ್ತಿದರು, ಚೆಲ್ಲಿತು. ಹಿಡಿಯಲು ಬಂದ ತಂಗಿಯನ್ನು ತಲೆಯಾಡಿಸಿ ತಡೆದರು. ನಾನು ಅವರು ಕಲಿಸಿದಂತೆಯೇ ಎರಡೂ ಕೈ ಕಂಕುಳಲ್ಲಿ ಒತ್ತಿಕೊಂಡು ಕೂತೆ. ಮತ್ತೆ ಎತ್ತಿದರು, ಮತ್ತೆ ಚೆಲ್ಲಿತು. ಇನ್ನೊಂದು ಸಲ ಬಿಟ್ಟರೆ ಗೆಲ್ಲುತ್ತಾರೆ, ಮೆಹಬೂಬನ ಹಾಗೆ, ಎಂದು ಕಾದೇ ಕಾದೆ.

ಬಶಿ ಕೆಳಗಿಟ್ಟು ನನ್ನ ಕಡೆ ನೋಡಿದರು. ನಾಲಿಗೆ ಹೊರಳುತ್ತಿರಲಿಲ್ಲ.

"ಶರ...ಣಪ್ಪ. ನೀ... ಕುಡಸು."

ತಡ ಮಾಡಲಿಲ್ಲ ನಾನು. ಆ ವಾರವೇ ಅವರು ಹೋಗಿಬಿಟ್ಟರು. ಜೀವಮಾನದಲ್ಲಿ ನನ್ನನ್ನು ಅವರು ಕೇಳಿದ್ದು ಅದೊಂದೇ. ಕೇಳುವ ಹೊತ್ತಿಗೆ ಬಶಿಯಲ್ಲಿ ಉಳಿದದ್ದು ಒಂದು ಗುಟುಕು.