ಓಗೊಡಬಾರದ ಗುಡ್ಡ

ಚಳ್ಳಕೆರೆಯಲ್ಲಿ ಬಸ್ಸಿಳಿದಾಗ ಎಣ್ಣೆಗಿರಣಿಗಳ ಶೇಂಗಾ ಹಿಂಡಿಯ ವಾಸನೆ ಊರಿಡೀ ಹರಡಿತ್ತು. ನಿಲ್ದಾಣದ ಎದುರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ನಾನು ಕಾಲೇಜಿನಲ್ಲಿ ಬೇರೆ ಬೇರೆ ನಾಡುಗಳ ಪುರಾಣಕಥೆಗಳನ್ನು ಹೋಲಿಸಿ ಪಾಠ ಮಾಡುವವಳು. ಈ ಸಲ ಒಂದೇ ಕಥೆಯ ಬೆನ್ನು ಹತ್ತಿದ್ದೆ. ನಿರ್ಜನ ಜಾಗದಲ್ಲಿ ಒಂದು ದನಿ ಹೆಸರು ಹಿಡಿದು ಕರೆಯುತ್ತದೆ; ಮೂರು ಸಲ ಕರೆಯುವವರೆಗೆ ಓಗೊಡಬಾರದು. ಇದು ಬಂಗಾಳದಲ್ಲೂ ಇದೆ, ಕೆರಿಬಿಯನ್ ದ್ವೀಪಗಳಲ್ಲೂ ಇದೆ. ಪಕ್ಕದ ಸೀಟಿನಲ್ಲಿದ್ದ ಚಳ್ಳಕೆರೆಯ ಮುಸ್ಲಿಂ ಹೆಂಗಸಿಗೂ ಗೊತ್ತಿತ್ತು. "ನಮ್ಮ ಅಮ್ಮೀನೂ ಹೇಳ್ತಿದ್ರು. ಮೂರು ಸಲ ಕರೆದ್ರೇನೇ ಮನುಷ್ಯರು" ಎಂದರು.

ಅದು ಭಯಕ್ಕೆ ಜನ ಕೊಟ್ಟ ರೂಪ ಎಂಬುದು ಒಂದು ಸಿದ್ಧಾಂತ. ಮಕ್ಕಳು ಅಪಾಯದ ಕಡೆ ಸುಳಿಯದಿರಲಿ ಎಂದು ಹಿರಿಯರು ಹೂಡಿದ ಉಪಾಯ ಎಂಬುದು ಇನ್ನೊಂದು. ಎರಡನ್ನೂ ವರ್ಷಗಟ್ಟಲೆ ಕಲಿಸಿದ್ದೆ.

ಮೊಳಕಾಲ್ಮೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯ ತಾಯಿ ಪಾಪಮ್ಮ ಕಾದಿದ್ದರು. ಇಬ್ಬರೂ ಆಟೊ ಹಿಡಿದು ಜಟಿಂಗ ರಾಮೇಶ್ವರದ ದಾರಿಯಲ್ಲಿ ಹೋಗಿ, ಆ ಬೆಟ್ಟಕ್ಕೂ ಆಚೆ, ಅಂಥ ದನಿ ಕೇಳುತ್ತದೆಂದು ಸುತ್ತಲಿನವರು ಹೇಳುವ ಬೋಳುಗುಡ್ಡದ ಬುಡದಲ್ಲಿ ಇಳಿದೆವು.

"ಮೇಲೆ ಯಾರನ್ನ ಕಂಡ್ರೂ ಹೆಸರು ಹಿಡಿದು ಕರೀಬ್ಯಾಡ್ರಿ ಮೇಡಮ್ಮ" ಎಂದರು ಪಾಪಮ್ಮ. ಮೇಲೆ ಕಾಣಲು ಯಾರೂ ಇರಲಿಲ್ಲ. ದಾರಿಯಲ್ಲಿ ಬಂಡೆ, ಜಾಲಿ, ಒಣಗಿದ ಬಾದೆಹುಲ್ಲು. ಮಧ್ಯಾಹ್ನದ ಹೊತ್ತಿಗೆ ನೆತ್ತಿ ತಲುಪಿದೆವು. ಅಲ್ಲಿಯವರೆಗೂ ಬೀಸುತ್ತಿದ್ದ ಗಾಳಿ ನಿಂತಿತು. ಹಕ್ಕಿಗಳ ದನಿಯೂ ಇಲ್ಲ.

ಆಗ ಬಂಡೆಯ ಆ ಕಡೆಯಿಂದ, "ಸರೋಜೀ, ಊಟಕ್ಕೆ ಬಾರೇ" ಎಂದು ನಮ್ಮವ್ವ ಕರೆದಳು.

ಅವ್ವ ತೀರಿಕೊಂಡು ವರ್ಷಗಳಾಗಿದ್ದವು. ಆದರೆ ಅದು ಆ ಕ್ಷಣಕ್ಕೆ ನೆನಪಿಗೇ ಬರಲಿಲ್ಲ. ಹಸಿವಾಗಿತ್ತು, ಅವ್ವ ಕರೆದಳು, ಹೊರಟೆ. "ಬಂದೆ" ಎನ್ನಲು ಬಾಯಿ ತೆರೆದಿದ್ದೆ. ಪಾಪಮ್ಮನ ಒರಟು ಅಂಗೈ ನನ್ನ ಬಾಯಿ ಮುಚ್ಚಿತು. ಇನ್ನೊಂದು ಕೈ ಸೊಂಟ ಹಿಡಿದು ಹಿಂದಕ್ಕೆಳೆಯಿತು. ನನ್ನ ಕಾಲಿನ ಮುಂದೆಯೇ ಬಂಡೆ ಮುಗಿದಿತ್ತು. ಕೆಳಗೆ ಕಡಿದಾದ ಕೊರಕಲು.

ಬಹಳ ಹೊತ್ತು ಅಲ್ಲೇ ಕೂತೆವು. ಎರಡನೆಯ ಸಲ ಯಾರೂ ಕರೆಯಲಿಲ್ಲ.

"ನಿಮಗೂ ಕೇಳಿಸಿತಾ?" ಎಂದೆ.

"ಕೇಳಿಸ್ತು."

"ನಮ್ಮವ್ವನ ದನಿ."

ಪಾಪಮ್ಮ ಅಲ್ಲವೆಂದು ತಲೆಯಾಡಿಸಿದರು. "ನನಗೆ ನಮ್ಮೆಜಮಾನ್ರದು. 'ಪಾಪೀ, ರಾವೇ' ಅಂದ್ರು, ಬಾರೇ ಅಂತ. ಮನೇಲಿ ತೆಲುಗೇ ಆಡ್ತಿದ್ರು."

ಒಂದೇ ಕ್ಷಣ, ಒಂದೇ ಬಂಡೆಯ ಹಿಂದಿನಿಂದ, ಇಬ್ಬರಿಗೂ ಅವರವರ ಸತ್ತವರು.

"ಗೊತ್ತಿದ್ದೂ ಇಲ್ಲಿಗೆ ಯಾಕೆ ಬಂದ್ರಿ ಪಾಪಮ್ಮನವರೇ? ನನಗೋಸ್ಕರನಾ?"

"ನಿಮಗೋಸ್ಕರ ಅಲ್ರಿ. ನಾನು ಆಗಾಗ ಬರ್ತೀನಿ. ಓಗೊಡಲ್ಲ. ಕೇಳಿಸ್ಕೊಂಡು ಹೋಗ್ತೀನಿ, ಅಷ್ಟೇ."

ಗುಡ್ಡ ಇಳಿದು ಮೊಳಕಾಲ್ಮೂರಿಗೆ ವಾಪಸಾದೆವು. ಅವರ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಎದುರುಮನೆಯ ಮಗ್ಗದ ಸದ್ದು ಕೇಳುತ್ತ ಉಂಡೆ.

ಸಂಜೆಯ ಬಸ್ಸಿನಲ್ಲಿ ಚಳ್ಳಕೆರೆಗೆ ಹೊರಟೆ. ಓಗೊಡಬಾರದೆಂಬ ಆ ನಿಷೇಧವನ್ನು ನಾನು ಇಷ್ಟು ವರ್ಷ ಹೆದರಿದವರ ಕಥೆಯೆಂದು ಕಲಿಸಿದ್ದೆ. ಗುಡ್ಡದ ಮೇಲೆ ನನಗೆ ಹೆದರಿಕೆಯೇ ಆಗಿರಲಿಲ್ಲ, ಹೋಗಬೇಕೆನಿಸಿತ್ತು. ತಿರುವಿನಲ್ಲಿ ಗುಡ್ಡಗಳು ಒಂದರ ಹಿಂದೊಂದು ಮರೆಯಾದವು. ಕಂಡಕ್ಟರ್ ಧೂಳು ಬರುತ್ತದೆಂದು ಕಿಟಕಿ ಮುಚ್ಚಲು ಹೇಳಿದ. ನಾನು ಮುಚ್ಚಲಿಲ್ಲ, ಮುಖ ಹೊರಗೆ ತಿರುಗಿಸಿ, ಕತ್ತಲಾಗುವವರೆಗೂ ಕಿವಿಗೊಟ್ಟು ಕೂತಿದ್ದೆ.