ಪಟ್ಟದ ರಾಣಿಗೆ ಕಾಲುಚೀಲದ ವರ

ದಸರಾಕ್ಕೆ ಇನ್ನೇನು ವಾರ ಇದೆ ಅನ್ನುವಾಗ ಸಜ್ಜೆ ಮೇಲಿಂದ ಗೊಂಬೆ ಪೆಟ್ಟಿಗೆ ಇಳಿಸಿದೆವು. ಅತ್ತೆ ಸುತ್ತಿದ್ದ ಹಳೇ ಸೀರೆ ಬಿಚ್ಚಿ, ಪಟ್ಟದ ರಾಜನ ಸೊಂಟ ಹಿಡಿದು ಎತ್ತಿದರು. ಪೇಟ, ಮೀಸೆ, ಅರ್ಧ ಮುಖ ಅವರ ಕೈಗೆ ಬಂತು. ಉಳಿದ ರಾಜ ಪುಡಿಪುಡಿಯಾಗಿ ಪೆಟ್ಟಿಗೆಯೊಳಗೆ ಸುರಿದ. ಗೆದ್ದಲು ಒಳಗಿಂದ ಪೂರ್ತಿ ತಿಂದು ಮೇಲಿನ ಬಣ್ಣ ಮಾತ್ರ ಬಿಟ್ಟಿತ್ತು. ಅದೇ ಸೀರೆಯಲ್ಲಿ ಪಕ್ಕದಲ್ಲೇ ಮಲಗಿದ್ದ ರಾಣಿಗೆ ಒಂದು ಗೀರೂ ಆಗಿರಲಿಲ್ಲ. ಮೂಗುತಿ, ಹಸಿರು ಸೀರೆ, ಹಣೆಯ ಕೆಂಪು ಬೊಟ್ಟು ಎಲ್ಲ ಹಾಗೇ ಇತ್ತು.

"ಹೋಗ್ಬಿಟ್ರು" ಅಂದರು ಅತ್ತೆ.

ಯುಗಾದಿ ಕಳೆದ ಮೇಲೆ ನಮ್ಮ ಮಾವ ತೀರಿಕೊಂಡಾಗಲೂ ಅವರು ಅಂದಿದ್ದು ಇಷ್ಟೇ. ಅದಕ್ಕೇ ನಾನು ಬಾಯಿಗೆ ಬಂದ ತಮಾಷೆ ನುಂಗಿಕೊಂಡು ಪೊರಕೆ ತರೋಕೆ ಹೋದೆ.

ಈ ಜೋಡಿ ಗೊಂಬೆ ಅತ್ತೆ ಜೊತೆ ಮದುವೆಯಲ್ಲಿ ಅವರ ತವರು ಚೇಳೂರಿನಿಂದ ಬಂದಿದ್ದು. ಪ್ರತಿ ವರ್ಷ ಪಾಡ್ಯದ ದಿನ ಮೇಲಿನ ಮೆಟ್ಟಿಲಲ್ಲಿ ಇವೆರಡನ್ನ ಅವರೇ ಕೂರಿಸಬೇಕು, ಮೊದಲ ಆರತಿ ಅವರೇ ಎತ್ತಬೇಕು. ಆಮೇಲೆ ನಾವು ಪ್ಲಾಸ್ಟಿಕ್ ಕ್ರಿಕೆಟ್ ಟೀಮಾದರೂ ಇಡಬಹುದು, ಡೈನೋಸಾರಾದರೂ ಇಡಬಹುದು, ಅವರು ಕೇಳೋರಲ್ಲ. ಈ ವರ್ಷ ಮಾತ್ರ ಕುಣಿಗಲ್‌ನಲ್ಲಿರುವ ನನ್ನ ಅತ್ತಿಗೆ, ಅಂದರೆ ಅತ್ತೆಯ ದೊಡ್ಡ ಮಗಳು, ತಿಂಗಳ ಮುಂಚೆಯೇ ಫೋನಿನಲ್ಲಿ ತೀರ್ಪು ಕೊಟ್ಟಿದ್ದರು. ಗೊಂಬೆ ಕೂರಿಸೋದೇ ಬೇಡ, ಕೂರಿಸಿದರೂ ಅಮ್ಮ ಮುಟ್ಟೋದು ಬೇಡ, ಆರತಿಯಂತೂ ಬೇಡವೇ ಬೇಡ, ನೋಡಿದೋರು ಏನಂತಾರೆ. ಅತ್ತೆ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಆದರೆ ಪೆಟ್ಟಿಗೆ ಇಳಿಸಮ್ಮ ಅಂತ ಬೆಳಗ್ಗೆ ಕಾಫಿ ಕುಡಿಯುತ್ತಾ ಕೇಳಿದೋರು ಅವರೇ. ತಿಂಗಳಾನುಗಟ್ಟಲೆ ಟೀವಿ ಕೂಡ ಹಾಕು ಅನ್ನದ ಹೆಂಗಸು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅವರಿಗೆ ಅವರ ಹಬ್ಬ ಬೇಕಿತ್ತು. ನಂಗೆ ಅದು ಗೊತ್ತಿತ್ತು, ಅದಕ್ಕೇ ನಂಗೆ ಅತ್ತಿಗೆ ಮೇಲೆ ಸಿಟ್ಟು.

ರಾಜ ಪುಡಿಯಾದ ಸುದ್ದಿಯನ್ನ ನನ್ನ ಗಂಡ ಅಕ್ಕನಿಗೆ ತಲುಪಿಸಿಬಿಟ್ಟರು. ಇವರ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲೋಲ್ಲ.

"ನೋಡ್ದ್ಯಾ, ನಾನು ಮೊದ್ಲೇ ಅಂದಿದ್ದೆ" ಅಂತ ಸ್ಪೀಕರಿನಲ್ಲಿ ಶುರುವಾಯಿತು. "ರಾಜನೇ ಇಲ್ಲ ಅಂದ್ಮೇಲೆ ರಾಣಿ ಬೊಟ್ಟಿಟ್ಕೊಂಡು ಪಟ್ಟದ್ಮೇಲೆ ಕೂತ್ಕೊಳೋದು ಹೆಂಗೆ? ಕೆಳಗಿನ ಮೆಟ್ಲಲ್ಲಿ ಒಂದು ಮೂಲೇಲಿ ಇಡ್ರಿ. ಆ ಬೊಟ್ಟು ತೆಗೀರಿ."

ಬೊಟ್ಟು ಪೇಂಟಿನದು. ನಾನು ಹಾಗಂದೆ. ನನ್ನ ಗಂಡ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಪೇಂಟ್ ಸೆಕ್ಷನ್ನಿನವರು. ಇವರು ಕನ್ನಡಕ ಹಾಕಿಕೊಂಡು ರಾಣಿಯ ಹಣೆ ಪರೀಕ್ಷೆ ಮಾಡಿ, "ಥಿನ್ನರ್ ಹಾಕಿದ್ರೆ ಹೋಗುತ್ತೆ, ಆದ್ರೆ ಹುಬ್ಬೂ ಹೋಗುತ್ತೆ" ಅಂದರು. ಹುಬ್ಬಿಲ್ಲದ ರಾಣಿ ನಡೆಯುತ್ತಾ ಅಂತ ಅಕ್ಕ ತಮ್ಮ ಇಬ್ಬರೂ ಫೋನಿನಲ್ಲಿ ಗಂಭೀರವಾಗಿ ಚರ್ಚೆ ಮಾಡಿದರು. ಅತ್ತೆ ಅಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

ನಂಗೆ ತಲೆ ಕೆಟ್ಟುಹೋಯಿತು. "ಥಿನ್ನರ್ ಮನೆಯೊಳಕ್ಕೆ ತಂದ್ರೆ ನಿಮ್ಮ ಹುಬ್ಬಿಗೆ ಹಚ್ತೀನಿ" ಅಂದೆ. ಇವರು ಫೋನ್ ಹಿಡಿದುಕೊಂಡು ಹಿತ್ತಲಿಗೆ ಹೋದರು.

ಮಾರನೇ ದಿನ ಅಂಗಡಿಗೆ ಹೋದೆ. ಗೊಂಬೆ ಅಂಗಡಿಯವನು ಒಂಟಿ ರಾಜನನ್ನ ಕೊಡೋಲ್ಲ ಅಂದ. ಜೋಡೀಲಿ ಒಬ್ಬರನ್ನ ಬಿಡಿಸಿ ಮಾರಿದ್ರೆ ವ್ಯಾಪಾರಕ್ಕೆ ಒಳ್ಳೇದಲ್ಲವಂತೆ. ಜೋಡಿಯನ್ನೇ ತರೋಣ, ರಾಜನಿಗೆ ಇಬ್ಬರು ರಾಣಿಯರಿದ್ರೆ ಏನಂತೆ, ರಾಜ ತಾನೇ ಅಂತ ನನ್ನ ಗಂಡ ಉಪಾಯ ಹೇಳಿದರು. ಈ ವಿಷಯದಲ್ಲಿ ಅತ್ತೆ ಆಗ ಮೊದಲ ಸಲ ಬಾಯಿ ತೆಗೆದರು.

"ನಮ್ಮ ಹುಡುಗಿ ಎರಡನೇ ಸಂಬಂಧಕ್ಕೆ ಹೋಗಲ್ಲ ಬುಡು" ಅಂದರು.

ಸರಿ, ನಾನೇ ಮಾಡ್ತೀನಿ ಅಂದೆ. ನಂಗೆ ಬಟ್ಟೆ ಗೊಂಬೆ ಮಾಡೋದು ಚಿಕ್ಕವಳಾಗಿದ್ದಾಗಿಂದ ಬರುತ್ತೆ. ಮನೆಯಲ್ಲಿ ಬಿಸಾಕೋ ಸಾಮಾನೇ ಅದಕ್ಕೆ ಬಂಡವಾಳ. ಬೆನ್ನುಮೂಳೆಗೆ ಕಡ್ಡಿ ಪೊರಕೆಯ ಕಡ್ಡಿಗಳನ್ನ ಕಟ್ಟಾಗಿ ಕಟ್ಟಿದೆ. ಮೈಗೆ ನನ್ನ ಗಂಡನ ಕಾಲುಚೀಲ, ಒಂಟಿಯಾಗಿ ಉಳಿದಿದ್ದು. ಒಳಗೆ ಹಳೇ ದಿಂಬಿನ ಹತ್ತಿ ತುರುಕಿ, ಕುತ್ತಿಗೆ ಬರೋ ಜಾಗದಲ್ಲಿ ದಾರ ಬಿಗಿದೆ. ಮೀಸೆಗೆ ತೆಂಗಿನ ನಾರು. ಕಣ್ಣಿಗೆ ಶರಟಿನ ಗುಂಡಿ. ಕಿರೀಟಕ್ಕೆ ಬಿಸ್ಕತ್ ಪ್ಯಾಕಿನ ಒಳಗಿನ ಬೆಳ್ಳಿ ಕಾಗದ. ಮುಗಿಸಿ ನಿಲ್ಲಿಸಿ ನೋಡಿದರೆ ಚಿಲ್ಲರೆ ಇಲ್ಲ ಅಂತ ಜಗಳ ಆಡಿ ಬಂದ ಬಸ್ ಕಂಡಕ್ಟರ್ ಥರಾ ಇದ್ದ. ಹತ್ತಿ ಸಾಲದೆ ತಲೆ ಒಂದು ಕಡೆ ವಾಲಿಕೊಂಡಿತ್ತು. ಅತ್ತೆ ತಿರುಗಿಸಿ ತಿರುಗಿಸಿ ನೋಡಿ, "ಗುಬ್ಬಿ ಬಸ್ಸಲ್ಲಿ ನೋಡಿದೀನಿ ಇವನ್ನ" ಅಂದರು. ಮಾವ ಹೋದ ಮೇಲೆ ಅವರು ನಕ್ಕಿದ್ದನ್ನ ನಾನು ನೋಡಿದ್ದು ಅವತ್ತೇ. ಖುಷಿಯಾಯಿತು ನಂಗೆ, ಹೇಳ್ಕೊಳ್ಳೋಕೆ ಏನು. ಇನ್ನಷ್ಟು ಹತ್ತಿ ತುರುಕಿದೆ. ಅವನು ಇನ್ನೊಂದು ಕಡೆಗೆ ವಾಲಿದ.

ಪಾಡ್ಯದ ಬೆಳಗ್ಗೆ ಅತ್ತಿಗೆ ಕುಣಿಗಲ್‌ನಿಂದ ಬಂದಿಳಿದರು. ಚಪ್ಪಲಿ ಬಿಟ್ಟವರೇ ನೇರ ಗೊಂಬೆ ಮೆಟ್ಟಿಲ ಹತ್ತಿರ ಬಂದು ವರನನ್ನ ನೋಡಿದರು. ಬೈತಾರೆ ಅಂತ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದೆ. ಅವರು ಬೈಯಲಿಲ್ಲ. ಅವನ ಮೀಸೆ ಒಂದು ಸಲ ಮುಟ್ಟಿ, "ಇವನ್ನ ಸುಮ್ನೆ ಪಕ್ಕದಲ್ಲಿ ಕೂರಿಸ್ಬಿಟ್ರೆ ಆಗುತ್ತಾ? ತಾಳಿ ಆಗ್ಬೇಡ್ವಾ?" ಅಂದರು.

ತಮಾಷೆ ಅಂದುಕೊಂಡೆ. ಅಲ್ಲ. ಮದುವೆ ಆಗದೆ ಪರಪುರುಷ ರಾಣಿ ಪಕ್ಕ ಕೂರೋದು ಅವರಿಗೆ ಸರಿ ಕಾಣಲಿಲ್ಲ. ರಾಜ ಅಂತ ಆದರೆ ಶಾಸ್ತ್ರವಾಗಿ ಆಗಲಿ, ರಾಣಿ ಮುತ್ತೈದೆ ಆಗ್ತಾಳೆ, ಬೊಟ್ಟೂ ಉಳಿಯುತ್ತೆ, ಯಾರ ಬಾಯಿಗೂ ಬೀಳೋದು ಬೇಡ ಅನ್ನೋದು ಅವರ ಲೆಕ್ಕ. ಅಮ್ಮ ದೂರ ಕೂತು ನೋಡಲಿ, ಆರತಿ ತಾನು ಎತ್ತುತ್ತೇನೆ ಅಂತಲೂ ಸೇರಿಸಿದರು.

ಗುಬ್ಬಿಯಲ್ಲಿರುವ ನಮ್ಮ ಮನೆ ಅಯ್ಯನವರಿಗೆ ಫೋನ್ ಹೋಯಿತು. ನಮ್ಮ ಮದುವೆ, ಗೃಹಪ್ರವೇಶ, ಮಾವನ ಕಾರ್ಯ ಎಲ್ಲ ಮಾಡಿಸಿದ ವಯಸ್ಸಾದವರು. ವಿಷಯ ಕೇಳಿ ನಗುತ್ತಾರೆ ಅಂದುಕೊಂಡರೆ, "ಗಂಡಿನ ಕಡೆಯವರು ಯಾರು?" ಅಂತ ಕೇಳಿದರು.

ನಾನು ನನ್ನ ಗಂಡನ ಕಡೆ ತಿರುಗಿದೆ.

"ಕಾಲುಚೀಲ ಇವರದು" ಅಂದೆ ನಾನು.

ಅಲ್ಲಿಗೆ ನನ್ನ ಗಂಡ ಗಂಡಿನ ಕಡೆಯವರಾದರು. ಹೆಣ್ಣು ಚೇಳೂರಿನದು, ಸರಿ. ಆದರೆ ಮಗನೇ ಗಂಡಿನ ತಂದೆ ಸ್ಥಾನದಲ್ಲಿ, ತಾಯಿಯೇ ಹೆಣ್ಣಿನ ಕಡೆ, ಸಂಬಂಧ ಯಾವ ಲೆಕ್ಕಕ್ಕೂ ಕೂರಲಿಲ್ಲ. ಅಯ್ಯನವರು ಬಳಗ ಕೇಳಿದರು, ಮನೆದೇವರು ಕೇಳಿದರು, ಕೊನೆಗೆ, "ಹೆಣ್ಣಿಗೆ ಮೊದಲನೇ ಮದುವೆಯೋ?" ಅಂತ ಕೇಳಿಬಿಟ್ಟರು. ಅತ್ತಿಗೆ ಸ್ಪೀಕರ್ ಆಫ್ ಮಾಡಿ ಅಡುಗೆಮನೆಗೆ ಹೋಗಿ ಮಾತಾಡಿದರು. ಅಯ್ಯನವರು ನೀವೇ ಮುಗಿಸ್ಕೊಳ್ಳಿ ಅಂದರಂತೆ, ಬರುವಾಗ ಅರಿಶಿನದ ಕೊಂಬು, ದಾರ ತಂದರು. ನನ್ನ ಗಂಡ ಎಲ್ಲಿಂದಲೋ ಪಂಚೆ ಉಟ್ಟುಕೊಂಡು ಬಂದು ನಿಂತರು. ಏನ್ರೀ, ಬೀಗರಾಗಿಬಿಟ್ರಾ ಅಂತ ನಾನು ಕೇಳಿದರೆ, "ಹಬ್ಬ ಅಲ್ವೇನೇ" ಅಂತ ಮುಖ ಕೆಂಪಗೆ ಮಾಡಿಕೊಂಡರು. ಇವರಿಗೆ ಒಂದು ಮಾತು ನಿಜಕ್ಕೂ ಹೇಳಬೇಕಿತ್ತು, ನಿಮ್ಮಮ್ಮನ ಮುಖ ನೋಡ್ರಿ ಅಂತ. ಹೇಳೋಷ್ಟರಲ್ಲಿ ದಾರ ತಯಾರಾಗಿತ್ತು.

ತಾಳಿ ಕಟ್ಟೋಕೆ ಹೋದಾಗ ತೊಂದರೆ ಬಂತು. ವರನಿಗೆ ಕೈಯಿರಲಿಲ್ಲ. ಕಾಲುಚೀಲದಲ್ಲಿ ಕೈ ಎಲ್ಲಿಂದ ಬರಬೇಕು? ಅತ್ತಿಗೆ ಅವನನ್ನ ರಾಣಿ ಎದುರು ಬಗ್ಗಿಸಿ, ದಾರವನ್ನ ಅವನ ಮೀಸೆಗೆ ಸಿಕ್ಕಿಸಿ ನೋಡಿದರು. ಮೀಸೆ ಕಿತ್ತು ಬಂತು. ಗಂಡಿನ ಕಡೆಯವರು ಗಮ್ ಹುಡುಕೋಕೆ ಓಡಿದರು.

ಆಗ ಅತ್ತೆ ಎದ್ದರು. ಮೊಣಕಾಲು ನೋವು, ಗೋಡೆ ಹಿಡಿದುಕೊಂಡೇ ಬಂದರು. ಮಗಳ ಕೈಯಿಂದ ರಾಣಿಯನ್ನ ತೆಗೆದುಕೊಂಡರು. ಮಗಳು ಬಿಡಲಿಲ್ಲ, "ಅಮ್ಮ, ನೀನು ಮುಟ್ಬೇಡ, ಒಂದ್ ನಿಮಿಷ ಇರು, ಎಲ್ಲ ಆಗುತ್ತೆ" ಅಂದರು. ಅತ್ತೆ ಒಂದೊಂದೇ ಬೆರಳು ಬಿಡಿಸಿ ಈಚೆಗೆ ತಗೊಂಡರು.

"ಅವಳಿಗೆ ಗಂಡ ಬೇಡ ಕಣೇ" ಅಂದರು. ದನಿ ಏರಿರಲಿಲ್ಲ. "ಇದ್ದ, ಹೋದ. ಚೆನ್ನಾಗೇ ಇಟ್ಕೊಂಡಿದ್ದ. ಇನ್ನೊಬ್ಬ ಬೇಡ. ಅವಳಿಗೆ ಹಬ್ಬ ಬೇಕು ಅಷ್ಟೇ. ಅದಕ್ಕೂ ಒಬ್ಬನ್ನ ಕಟ್ಕೋಬೇಕಾ?"

ನನ್ನ ಗಂಡ ಗಮ್ ಟ್ಯೂಬ್ ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ನಂಗೆ ಅಳು ಬಂತು, ತಡೆಯಲಿಲ್ಲ.

ಅತ್ತೆ ಮೇಲಿನ ಮೆಟ್ಟಿಲ ಮಧ್ಯಕ್ಕೆ, ಇಬ್ಬರು ಕೂರುತ್ತಿದ್ದ ಜಾಗದಲ್ಲಿ, ರಾಣಿಯನ್ನ ಒಬ್ಬಳನ್ನೇ ಕೂರಿಸಿದರು. ಸೀರೆಯ ಧೂಳು ಒರೆಸಿದರು. ಆಮೇಲೆ ತಿರುಗಿ ಮಗಳ ಕಡೆ ಕೈ ಚಾಚಿದರು. ಆರತಿ ತಟ್ಟೆ ಅತ್ತಿಗೆ ಹತ್ತಿರ ಇತ್ತು. ಅವರು ತಟ್ಟೆ ನೋಡಿದರು, ತಾಯಿಯ ಕೈ ನೋಡಿದರು. ಹೊರಗೆ ಪಕ್ಕದ ಮನೆಯವರು ಗೊಂಬೆ ನೋಡೋಕೆ ಬಂದು ಚಪ್ಪಲಿ ಬಿಡ್ತಿದ್ದದ್ದು ಕೇಳಿಸುತ್ತಿತ್ತು.

"ಅಮ್ಮ, ಅವರು ಬಂದ್ರು" ಅಂದರು ಅತ್ತಿಗೆ, ಮೆಲ್ಲಗೆ.

"ಬರ್ಲಿ" ಅಂದರು ಅತ್ತೆ. "ಬತ್ತಿ ಹಚ್ಚಿ ಕೊಡು."

ಅತ್ತಿಗೆ ಬೆಂಕಿಕಡ್ಡಿ ಗೀರಿದರು. ಅದು ಆರಿತು, ಇನ್ನೊಂದು ಗೀರಿ ಬತ್ತಿ ಹಚ್ಚಿ, ತಟ್ಟೆಯನ್ನ ತಾಯಿಯ ಕೈಗೆ ಕೊಟ್ಟರು.