ಬರೀ ಮೀನು

ಏನನ್ನು ಕಂಡರೂ ಇಂಜಿನಿಯರ್ ಸಾಹೇಬರ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಓಡಾಡುತ್ತಿತ್ತು. ಚಪಾತಿ ಹಿಟ್ಟು, ಹಿತ್ತಲ ಮಣ್ಣು, ಇಂಗ್ಲೆಂಡಿನ ನಮ್ಮೂರು ಮ್ಯಾಕಲ್ಸ್‌ಫೀಲ್ಡಿನ ಮೊದಲ ಹಿಮ, ಎಲ್ಲದರಿಂದಲೂ ಒಂದು ಚಿಟಿಕೆ ತೆಗೆದು ಉಜ್ಜಿ ನೋಡುವರು. ಔಷಧ ಕಾರ್ಖಾನೆಯಲ್ಲಿ ಪುಡಿ ಒಣಗಿಸುವ ವಿಭಾಗ ಅವರದು. ಅಲ್ಲಿ ಬರಿಗೈಯಲ್ಲಿ ಪುಡಿ ಮುಟ್ಟುವಂತಿಲ್ಲ, ಆ ಆಸೆಯನ್ನು ಹೊರಗೆ ತೀರಿಸಿಕೊಳ್ಳುತ್ತಾರೆಂದು ನಾವು ನಗುತ್ತಿದ್ದೆವು. "ಇನ್ನೂ ತೇವ ಐತ್ರಿ," ಎನ್ನುವುದು ಅವರ ತೀರ್ಪು. ಮನುಷ್ಯರ ಬಗ್ಗೆಯೂ ಅದನ್ನೇ ಹೇಳುವರು.

ಅವರು ವಿಜಯಪುರದ ಕಡೆಯವರು, ಐದು ಹೊತ್ತು ನಮಾಜು ತಪ್ಪಿಸದವರು. ನಾನು ಮಂಡ್ಯದವನು, ಎಸ್ಸೆಸ್ಸೆಲ್ಸಿ ಮುಗಿಸಿ ಭಾವನ ಹಿಂದೆ ಬಂದು ಅದೇ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುವ ಕೆಲಸ ಹಿಡಿದವನು. ಕೆಲಸಕ್ಕೆ ಸೇರಿದ ವಾರವೇ ಚಿಪ್ಸ್ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಪರಿಚಯವೇ ಇಲ್ಲದ ಅವರು, ತಲೆಯ ಮೇಲೆ ನಮಾಜಿನ ಟೋಪಿ, ಬಂದು ತೋಳು ಹಿಡಿದರು.

"ಕನ್ನಡದವರು ಹೌದಲ್ರೀ? ಫೋನಿನ್ಯಾಗ ಮಾತಾಡೋದು ಕೇಳಿದ್ದೆ. ಇಲ್ಲಿ ತಿನ್ನಬ್ಯಾಡ್ರಿ. ದನದ ಕೊಬ್ಬಿನ್ಯಾಗ ಕರೀತಾರ."

"ನಿಮಗೇನ್ ಸಾರ್ ತೊಂದರೆ? ನೀವು ತಿಂತೀರಲ್ಲ."

"ಹಲಾಲ್ ಇಲ್ಲ, ನಾನೂ ತಿನ್ನಂಗಿಲ್ಲ. ನೀವೂ ತಿನ್ನಂಗಿಲ್ಲ. ಕಾರಣ ಬ್ಯಾರೆ, ಹಸಿವು ಒಂದೇ. ಬರ್ರಿ, ಎಣ್ಣೆಯೊಳಗ ಕರಿಯೋ ಅಂಗಡಿ ತೋರಿಸ್ತೀನಿ."

ಅಂದಿನಿಂದ ನಲವತ್ತು ವರ್ಷ, ಕ್ಯಾಂಟೀನಿರಲಿ, ಮದುವೆಯಿರಲಿ, ನನ್ನ ತಟ್ಟೆಗೆ ಬೀಳುವುದನ್ನು ಅವರೇ ಮೊದಲು ವಿಚಾರಿಸುತ್ತಿದ್ದರು. "ಭಾಯಿ ದನ ತಿನ್ನಂಗಿಲ್ಲ, ಚಮಚ ಬ್ಯಾರೆ ಕೊಡ್ರಿ," ಎಂದು ಬಡಿಸುವವರಿಗೆ ಹೇಳುವರು. ನನಗೆ ನಾಚಿಕೆಯಾಗುತ್ತಿತ್ತು. ಅವರಿಗೆ ಆಗುತ್ತಿರಲಿಲ್ಲ.

ನಿವೃತ್ತರಾಗಿ, ಇಬ್ಬರ ಹೆಂಡಂದಿರೂ ತೀರಿಕೊಂಡ ಮೇಲೆ, ಒಂದು ಬೇಸಿಗೆ ನಾರ್ವೆಯ ಕರಾವಳಿಗೆ ಪ್ರವಾಸ ಹೋದೆವು. ಆಸೆ ಅವರದೇ. ಅಲ್ಲಿನ ಬೆಸ್ತರ ಹಳ್ಳಿಗಳಲ್ಲಿ ಉಪ್ಪನ್ನೂ ಹಾಕದೆ, ಯಂತ್ರವೂ ಇಲ್ಲದೆ ಮೀನು ಒಣಗಿಸುತ್ತಾರೆಂದು ಎಲ್ಲೋ ಓದಿದ್ದರು. ಹಡಗು ಒಂದೊಂದು ಹಳ್ಳಿಗೆ ಮುಟ್ಟಿದಾಗ ನಮ್ಮ ಗುಂಪನ್ನು ಇಳಿಸುತ್ತಿತ್ತು. ನೀರಿನೊಳಗೆ ಮರದ ಕಾಲೂರಿ ನಿಂತ ಕೆಂಪು ಮನೆಗಳು, ಹಿಂದೆ ಕರಿಯ ಬಂಡೆ, ಸೂರ್ಯ ಮುಳುಗುವ ಮಾತೇ ಇಲ್ಲ. ಅದಕ್ಕೇ ಸಾಹೇಬರು ನಮಾಜಿನ ವೇಳಾಪಟ್ಟಿಯನ್ನು ಮೌಲ್ವಿಗಳಿಂದ ಬರೆಸಿಕೊಂಡು ತಂದಿದ್ದರು. "ಸೂರ್ಯಗೂ ಡಬಲ್ ಶಿಫ್ಟ್ ಹಾಕ್ಯಾರ ಇಲ್ಲಿ. ಶಿಫ್ಟ್ ಪಟ್ಟಿ ಮಾಡಿದವ ಯಾವನೋ," ಎಂದು ಗೊಣಗಿದರು.

ಮೂರನೆಯ ಹಳ್ಳಿಯಲ್ಲಿ ಕೊನೆಯ ಮೀನುಗಳನ್ನು ಮರದ ಚಪ್ಪರಗಳಿಂದ ಇಳಿಸುತ್ತಿದ್ದರು. ಜೋಡಿಜೋಡಿಯಾಗಿ ಬಾಲ ಕಟ್ಟಿ ನೇತುಹಾಕಿದ ಮೀನು, ಸೌದೆಯಷ್ಟು ಗಟ್ಟಿ. ಸಾಹೇಬರು ಒಂದು ಚೂರು ಮುರಿದು ಉಜ್ಜಿದರು. ಇನ್ನೊಂದು ಚೂರು ಮುರಿದು ಮತ್ತೆ ಉಜ್ಜಿದರು.

"ಬರೀ ಗಾಳಿ ಭಾಯಿ. ಹಂಗಾದ್ರ ನಾವು ಇಂಜಿನಿಯರು ಇಷ್ಟು ವರ್ಷ ಏನು ಕಡಿದ್ವಿ?"

ಅಷ್ಟು ಸಂತೋಷವಾಗಿ ಅವರನ್ನು ನಾನು ಕಂಡಿರಲಿಲ್ಲ. ಇಲ್ಲಿಯ ಮೀನನ್ನು ಉಣ್ಣದೆ ಹೋಗುವುದಿಲ್ಲ ಎಂದರು.

ಗಾಳಿಗೆ ಶಿಳ್ಳೆ ಹೊಡೆಯುತ್ತದೆಂದು ಕಿವಿಯ ಯಂತ್ರವನ್ನು ಅವರು ಜೇಬಿಗೆ ಹಾಕಿಕೊಂಡಿದ್ದರು. ಹಾಗಾಗಿ ಹೋಟೆಲಿನಲ್ಲಿ ಕೇಳುವ ಕೆಲಸ ನನ್ನದು. ಹಿಂದಿನ ಎರಡು ಹಳ್ಳಿಗಳಲ್ಲೂ ನಾನೇ ಕೇಳಿದ್ದೆ. ಎರಡು ಕಡೆಯೂ ತಿನ್ನಬಾರದ್ದು ಏನೋ ಬೆರೆತಿದ್ದರಿಂದ, ಇಬ್ಬರೂ ಹೊರಗೆ ಚಳಿಯಲ್ಲಿ ಬಿಸ್ಕತ್ತು, ಖರ್ಜೂರ ತಿಂದಿದ್ದೆವು. ನನಗೆ ಆ ಸಹವಾಸ ಸಾಕಾಗಿತ್ತು. ಒಳಗೆ ಬೆಚ್ಚಗಿತ್ತು. ಹಿಂದೆ ನಮ್ಮ ಗುಂಪಿನವರು ಸಾಲುಗಟ್ಟಿದ್ದರು.

ಬಡಿಸುವ ಹೆಂಗಸು ಸ್ಪಷ್ಟವಾಗಿಯೇ ಹೇಳಿದಳು. ಮೀನಿನ ಮೇಲೆ ಹಂದಿಯ ಮಾಂಸದ ಕರಿದ ಚೂರುಗಳು, ಜೊತೆಗೆ ಅದೇ ಕೊಬ್ಬು.

"ಏನಂತಾಳ್ರೀ?" ಎಂದರು ಸಾಹೇಬರು.

"ಬರೀ ಮೀನು," ಎಂದೆ.

ಇದನ್ನು ಅವಸರದಲ್ಲಿ ಆಡಿದ ಮಾತೆಂದು ನನ್ನನ್ನು ನಾನೇ ಬಹಳ ದಿನ ಸಮಾಧಾನ ಮಾಡಿದ್ದೇನೆ. ಆದರೆ ತಟ್ಟೆ ಮುಂದೆ ಬಂದಾಗ ಅವರು ಚಮಚದ ತುದಿಯಲ್ಲಿ ಒಂದು ಚೂರೆತ್ತಿ, "ಇದು ಕರಿದದ್ದು ಏನು?" ಎಂದು ಕೇಳಿದರು. ಆಗ ಸಾಲೂ ಇರಲಿಲ್ಲ, ಅವಸರವೂ ಇರಲಿಲ್ಲ. ತಟ್ಟೆಯನ್ನು ಈಚೆಗೆಳೆದುಕೊಂಡರೆ ಸಾಕಿತ್ತು.

"ಮೀನಿನ ಚರ್ಮ. ಹುರಿದಿರ್ತಾರೆ," ಎಂದೆ.

ಬಿಸ್ಮಿಲ್ಲಾ ಎಂದು ಬಾಯಿಗಿಟ್ಟರು. ಒಂದನ್ನೂ ಬಿಡದೆ ಉಂಡರು. "ಅಲ್ಲಾ ನಿಮಗ ಒಳ್ಳೇದು ಮಾಡ್ಲಿ. ನೀವು ಕೇಳಿ ಕೊಡಿಸಿದ್ರಿ, ಇಲ್ಲಾಂದ್ರ ನಾನು ಖರ್ಜೂರದಾಗ ಸಾಯ್ತಿದ್ದೆ," ಎಂದರು. ನಾನೂ ಉಂಡೆ. ರುಚಿಯಾಗಿತ್ತು.

ಊರಿಗೆ ಮರಳಿದ ಮೇಲೆ ಆ ಊಟದ ಕಥೆಯನ್ನು ಅವರು ಹೇಳದ ಮನೆಯಿಲ್ಲ. "ಆ ಚರ್ಮ ಹೆಂಗ ಹುರಿದಿದ್ರು, ಭಾಯಿನ ಕೇಳ್ರಿ," ಎಂದು ನನ್ನ ಕಡೆ ತಿರುಗುವರು. ನಾನು ತಲೆಯಾಡಿಸುತ್ತಿದ್ದೆ. ಆಮೇಲಾಮೇಲೆ ಅವರಿರುವ ಕೂಟಗಳಿಗೆ ಮಂಡಿನೋವಿನ ನೆಪ ಹೇಳಿ ತಪ್ಪಿಸತೊಡಗಿದೆ.

ಮರುವರ್ಷ ಹಜ್ ಯಾತ್ರೆಗೆ ಹೊರಟಾಗ ಮನೆಗೆ ಬಂದರು. ಯಾತ್ರೆಗೆ ಮುಂಚೆ ಪರಿಚಯದವರಲ್ಲಿ ತಪ್ಪು ಒಪ್ಪಿಕೊಂಡು ಕ್ಷಮೆ ಕೇಳುವುದು ಅವರಲ್ಲಿ ಪದ್ಧತಿ.

"ಕಹಾ ಸುನಾ ಮಾಫ್ ಮಾಡ್ರಿ ಭಾಯಿ. ಆಡಿದ್ದು, ಅಂದಿದ್ದು, ಎಲ್ಲಾ."

"ನಿಮ್ಮಿಂದೇನು ತಪ್ಪಾಗಿದೆ, ಬಿಡಿ."

"ಆಗೈತಿ. ಒಮ್ಮೆ ನಿಮ್ಮನ್ನ ಸೂಪರ್‌ವೈಸರ್ ಮಾಡಬೇಕಂತ ಮೇಲಿನವರು ನನ್ನ ಕೇಳಿದ್ರು. ಕೈ ನಿಧಾನ ಅಂತ ಬರೆದು ಕೊಟ್ಟೆ. ನಿಧಾನ ಇದ್ದದ್ದು ಖರೆ. ಆದ್ರ ಮೊದಲು ನಿಮಗ ಹೇಳಬೇಕಿತ್ತು. ಹೇಳಲಿಲ್ಲ."

ನಾಚಿಕೆಗೇಡಿನ ಮಾತು, ಆದರೂ ಬರೆಯುತ್ತೇನೆ: ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಒಂದು ಬಗೆಯ ನೆಮ್ಮದಿಯೂ ಬಂತು, ಲೆಕ್ಕ ಸರಿಹೋಯಿತು ಎಂಬಂತೆ. ದೊಡ್ಡವನ ಗತ್ತಿನಲ್ಲಿ, "ಹೋಗಲಿ ಬಿಡಿ," ಎಂದೆ.

"ಹಂಗಲ್ಲ. ಮಾಫ್ ಮಾಡೀನಿ ಅಂತ ಬಾಯಿಬಿಟ್ಟು ಹೇಳ್ರಿ."

"ಮಾಫ್ ಮಾಡಿದೀನಿ."

ಅವರು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡೇ ಕೂತರು. ನನ್ನ ಸರದಿ ಅದು. ನಾನು ಕೈ ಬಿಡಿಸಿಕೊಂಡು, ಟೀ ಇಡುತ್ತೇನೆಂದು ಒಳಗೆ ಹೋದೆ.

ಯಾತ್ರೆಯಿಂದ ಬಂದ ನಾಲ್ಕು ತಿಂಗಳಿಗೆ ಎದೆನೋವು ಕಾಣಿಸಿ ತೀರಿಕೊಂಡರು. ಎಲ್ಲರಂತೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಕೈ ತೊಳೆದುಕೊಂಡು ಮನೆಗೆ ಬಂದೆ, ಉಂಡೆ, ಮಲಗಿದೆ.

ಅವರ ಮಗ ನಾಟಿಂಗ್‌ಹ್ಯಾಮಿನಲ್ಲಿ ಡಾಕ್ಟರು. ಆರು ತಿಂಗಳು ಕಳೆದ ಮೇಲೆ, ತಡೆಯಲಾರದೆ, ಅವನಿದ್ದಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಕನ್ನಡ ಅವನಿಗೆ ತಿಳಿಯುತ್ತದೆ, ಆಡುವುದಿಲ್ಲ. ಪೂರ್ತಿ ಕೇಳಿಸಿಕೊಂಡು ಮೃದುವಾಗಿಯೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ.

"ಅಪ್ಪನಿಗೆ ಗೊತ್ತಿರಲಿಲ್ಲವಲ್ಲ ಅಂಕಲ್. ಗೊತ್ತಿಲ್ಲದೆ ತಿಂದರೆ ತಿಂದವರ ಮೇಲೆ ಪಾಪ ಇಲ್ಲ. ಅಪ್ಪನ ಬಗ್ಗೆ ನೀವು ಚಿಂತೆ ಮಾಡಬೇಡಿ."

"ಮತ್ತೆ ಯಾರ ಮೇಲಪ್ಪ?" ಎಂದು ಕೇಳಿದೆ.

ಅವನು ಎದ್ದು ನನ್ನ ಕೋಟು ತಂದುಕೊಟ್ಟ.